ಕೊಂಬಿನ ಉಪ್ಪು

ಎದ್ದ ಕೂಡಲೇ ಕಾಫಿಗೆ ನೀರಿಡಬೇಕು. ಅದು ಕುದಿಯುವಷ್ಟರಲ್ಲಿ ನೆಲಮಾಳಿಗೆಗೆ ಇಳಿದು, ಗಂಡ ತೋರ್ಲೈವ್‌ನ ನೀಲಿ ಕೆಲಸದುಡುಪನ್ನು ಯಂತ್ರದಿಂದ ತೆಗೆದು ಹಗ್ಗಕ್ಕೆ ಹಾಕಬೇಕು. ಮೇಲೆ ಬಂದು ಬ್ರೆಡ್ಡಿನ ಹೋಳುಗಳಿಗೆ ಬೆಣ್ಣೆ ಸವರಿ, ಕಂದು ಚೀಸ್ ಹೆರೆದು, ಒಂದಕ್ಕೊಂದು ಅಂಟದ ಹಾಗೆ ನಡುವೆ ಕಾಗದವಿಟ್ಟು ಅವನ ಬುತ್ತಿ ಕಟ್ಟಬೇಕು. ಅವನಿಗೊಂದು ಫ್ಲಾಸ್ಕ್, ಅತ್ತೆಗೊಂದು, ತನಗೊಂದು. ಅತ್ತೆಯ ಕಣ್ಣಿಗೆ ಹನಿ ಹಾಕಿ, ಉಣ್ಣೆಯ ಕಾಲುಚೀಲ ಒಲೆಯ ಪಕ್ಕ ಬೆಚ್ಚಗಿಡಬೇಕು. ಜೆಟ್ಟಿ ಕಡೆಯ ಕಿಟಕಿಯ ಹಲಗೆ ಮೇಲೆ ಕೂತ ಮಸಿ ಒರೆಸಬೇಕು. ಮೆಟ್ಟಿಲ ಮೇಲಿನ ಹಿಮ ಗುಡಿಸಬೇಕು. ಕೊನೆಗೆ, ಹಿಂದಿನ ಸಂಜೆ ಕಲಸಿಟ್ಟ ಮಜ್ಜಿಗೆ ಹಿಟ್ಟಿನ ಬಕೆಟ್ಟು ಕೈಯಲ್ಲಿ, ಉಪ್ಪಿನ ಡಬ್ಬಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು, ಬೆಳಕು ಹರಿಯುವ ಮೊದಲೇ ಮೊದಲ ಫೆರಿಗೆ ನಡೆಯಬೇಕು.

ಇಷ್ಟಾದ ಮೇಲೆ ಯೋರುನ್‌ಳ ಕೆಲಸ ಶುರುವಾಗುತ್ತಿತ್ತು. ಫೆರಿ ಕಂಪನಿಯ ಪ್ರಕಾರ ಹಡಗಿನ ಹಗ್ಗ ಬಿಚ್ಚಿದ ಮೇಲೆಯೇ ಅವಳ ದಿನ ಆರಂಭ. ಹಿಟ್ಟು ತಾನೇ ಕಲಸಿಕೊಂಡು ಬಕೆಟ್ಟಿನಲ್ಲಿ ಕೂತು ಬರುತ್ತದೆ ಎಂದು ಅವರು ತಿಳಿದಿದ್ದರೋ ಏನೋ.

ನಮ್ಮ ಟೆರ್ನೋಯ್ ನಾರ್ವೆಯ ಪಶ್ಚಿಮ ಕರಾವಳಿಯ ದ್ವೀಪ. ಶಾಲೆ, ಚರ್ಚು, ಒಂದು ಅಂಗಡಿ ಇಲ್ಲೇ ಇವೆ. ಹಲ್ಲು ನೋವಿಗೆ, ಹೆರಿಗೆಗೆ, ಮದುವೆಯ ಬಟ್ಟೆಗೆ ಫಿಯೋರ್ಡ್ ಎಂಬ ಕಡಲ ಕೊಲ್ಲಿಯನ್ನು ದಾಟಬೇಕು. ಕಾರಿನ ಸಮೇತ ಫೆರಿ ಹತ್ತಿ, ಮೇಲಿನ ಕೋಣೆಗೆ ಬಂದು, ಯೋರುನ್‌ಳ ಗೂಡಂಗಡಿಯ ಮುಂದೆ ನಿಂತು ಒಂದು ಸ್ವೇಲೆ ತಿಂದರೇ ದಾಟಿದ ಹಾಗೆ. ಕಾವಲಿಯ ಮೇಲೆ ಬೇಯಿಸಿದ, ಅಂಗೈಗಿಂತ ಅಗಲದ, ದಪ್ಪನೆಯ ಮೃದು ರೊಟ್ಟಿ ಅದು. ಬೆಣ್ಣೆ ಸಕ್ಕರೆ ಸವರಿ ಅರ್ಧಕ್ಕೆ ಮಡಚಿ ಕೊಡುತ್ತಾರೆ. ಮನೆಯಲ್ಲೂ ಮಾಡಬಹುದು, ಆದರೆ ಯಾರೂ ಮಾಡುವುದಿಲ್ಲ. ಸ್ವೇಲೆ ಹಡಗಿನ ತಿಂಡಿ.

ಅದನ್ನು ಹತ್ತಿಯಂತೆ ಉಬ್ಬಿಸುವುದು ಜಿಂಕೆಕೊಂಬಿನ ಉಪ್ಪು. ಹಿಂದೆ ನಿಜವಾಗಿಯೂ ಕೊಂಬು ಸುಟ್ಟು ಮಾಡುತ್ತಿದ್ದರಂತೆ. ಈಗ ಕಾರ್ಖಾನೆಯಿಂದ ಬರುತ್ತದೆ, ಹೆಸರು ಮಾತ್ರ ಉಳಿದಿದೆ. ಡಬ್ಬಿಯ ಮುಚ್ಚಳ ತೆಗೆದರೆ ಅದರ ಘಾಟು ಮೂಗಿಗೆ ಸೂಜಿಯಂತೆ ಚುಚ್ಚುತ್ತದೆ. ಕಾವಲಿಯ ಬಿಸಿಗೆ ಘಾಟೆಲ್ಲ ಹಾರಿಹೋಗಿ ಮೃದುತನವಷ್ಟೇ ಉಳಿಯುತ್ತದೆ. ಮುಂಚೆಯೇ ಬೆರೆಸಿಟ್ಟರೆ ಸತ್ತ್ವ ಹೋಗುವುದರಿಂದ ಹಡಗಿನಲ್ಲೇ, ಹುಯ್ಯುವ ಮುಂಚೆ ಹಾಕಬೇಕು. ಇದನ್ನೆಲ್ಲ ಹೇಳಿಕೊಟ್ಟವಳು ಅತ್ತೆ ಓಗೋತ್. ಹಳೆಯ ಹಡಗಿನ ಕಾವಲಿ ಮೊದಲು ಅವಳದೇ ಆಗಿತ್ತು. ಮಂಡಿ ಸೋತಾಗ ಸೊಸೆಗೆ ಡಬ್ಬಿ ಕೊಟ್ಟಳು. ಹಡಗಿನ ಮೇಲೆ ಹೆಂಗಸಿಗೆ ಹೆಸರಿದ್ದ ಜಾಗ ಅದೊಂದೇ. ಅಲ್ಲಿ ನಿಂತಾಗ ಅವಳು ತೋರ್ಲೈವ್‌ನ ಹೆಂಡತಿಯಲ್ಲ, ಯೋರುನ್.

ತೋರ್ಲೈವ್ ಅದೇ ಹಡಗಿನ ಎಂಜಿನ್ ಕೋಣೆಯವನು. ಹಳೆಯ ಹಡಗು ಡೀಸೆಲ್ಲಿನದು. ಜೆಟ್ಟಿಗೆ ಬಂದಾಗಲೆಲ್ಲ ಕರಿ ಹೊಗೆ ಉಗುಳಿ ತಾನು ಬಂದೆನೆಂದು ಸಾರುತ್ತಿತ್ತು. ಆ ಹೊಗೆ ಒಣಗಲು ಹಾಕಿದ ಹಾಸಿಗೆ ಬಟ್ಟೆಯ ಮೇಲೆ, ಕಿಟಕಿಯ ಮೇಲೆ, ಹಿಮದ ಮೇಲೆ ಬಂದು ಕೂರುತ್ತಿತ್ತು. ತೋರ್ಲೈವ್‌ನ ಉಡುಪಿಗೆಂದೇ ನೆಲಮಾಳಿಗೆಯಲ್ಲಿ ಬೇರೆಯೇ ಒಗೆಯುವ ಯಂತ್ರವಿತ್ತು. ಅದರಲ್ಲಿ ಬೇರೆ ಯಾವ ಬಟ್ಟೆ ಹಾಕಿದರೂ ಎಣ್ಣೆಯ ನಾತ ಹತ್ತುತ್ತಿತ್ತು. ಅವನು ಊಟದ ಮೇಜಿಗೆ ಬರುವ ಮೊದಲು ಬ್ರಷ್ಷಿನಿಂದ ಕೈ ಉಜ್ಜುವ ಸದ್ದು ಆ ಮನೆಯ ಸಂಜೆಯ ಸದ್ದಾಗಿತ್ತು.

ಗ್ಯಾಸಿನ ಹಡಗು ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ, ಬಾಂಬಿನ ಮೇಲೆ ಕೂತು ದಾಟಬೇಕೇ ಎಂದು ಊರಿನ ಅರ್ಧ ಜನ ಕೇಳಿದರು. ಕಂಪನಿಯವರೊಬ್ಬರು ಊರ ಸಭಾಂಗಣಕ್ಕೆ ಬಂದು ವಿವರಿಸಿದರು. ಇದು ನಮ್ಮ ಕಡಲ ತಳದಿಂದಲೇ ಬರುವ ಗ್ಯಾಸು. ವಿಪರೀತ ತಣ್ಣಗೆ ಮಾಡಿದರೆ ನೀರಿನಂತೆ ದ್ರವವಾಗಿ ಚಿಕ್ಕ ಜಾಗದಲ್ಲಿ ಹಿಡಿಯುತ್ತದೆ. ಹಡಗು ಅದನ್ನು ಮತ್ತೆ ಬೆಚ್ಚಗೆ ಮಾಡಿ ಉರಿಸುತ್ತದೆ. ಮಸಿಯಿಲ್ಲ, ಗಂಧಕದ ನಾತವಿಲ್ಲ. ಪೂರ್ತಿ ನಿರ್ದೋಷಿಯಲ್ಲ, ಸ್ವಲ್ಪ ಉರಿಯದೆ ಹಾಗೇ ಗಾಳಿಗೆ ಹೋಗುತ್ತದೆ ಎಂದೂ ಆತ ಒಪ್ಪಿಕೊಂಡರು.

ಸಭೆಯ ಕಾಫಿ ಯೋರುನ್‌ಳ ಪಾಲಿಗೆ ಬಂದಿತ್ತು. ಅವಳು ಹಿಂದೆ ಕೆಟಲು ಹಿಡಿದು ನಿಂತಲ್ಲಿಂದಲೇ, ಸೋರಿದರೆ ಎಂಥ ವಾಸನೆ ಬರುತ್ತದೆ ಎಂದು ಕೇಳಿದಳು.

"ಯಾವ ವಾಸನೆನೂ ಬರಲ್ಲ," ಎಂದರು ಆತ. "ಒಲೆ ಗ್ಯಾಸಿಗೆ ಬೇಕಂತಲೇ ನಾತ ಬೆರೆಸಿರ್ತಾರೆ. ಇದರ ಚಳಿಗೆ ಆ ನಾತಾನೂ ಗಟ್ಟಿಯಾಗಿಬಿಡುತ್ತೆ, ಅದಕ್ಕೇ ಬೆರೆಸಲ್ಲ."

"ಮತ್ತೆ ಗೊತ್ತಾಗೋದು ಹೇಗೆ?"

"ಹಡಗಿಗೇ ಮೂಗು ಇಟ್ಟಿದ್ದೀವಿ."

ಎಲ್ಲರೂ ನಕ್ಕರು. ಗ್ಯಾಸು ಪತ್ತೆ ಹಚ್ಚುವ ಆ ಪುಟ್ಟ ಡಬ್ಬಿಗಳಿಗೆ ಅಂದಿನಿಂದ ನಮ್ಮೂರಲ್ಲಿ ಮೂಗು ಎಂದೇ ಹೆಸರು. ಯೋರುನ್‌ಗೆ ಮಾತ್ರ ನಗುವಿಗಿಂತ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ವಾಸನೆಯೇ ಇಲ್ಲದ್ದನ್ನು ಮೂಗು ಮೂಸುವುದು ಹೇಗೆ? ದಾರಿಯಲ್ಲಿ ಗಂಡನನ್ನು ಕೇಳಿದಳು. ಅವನು ಆಗಷ್ಟೇ ಪಟ್ಟಣಕ್ಕೆ ಹೋಗಿ ಗ್ಯಾಸಿನ ತರಬೇತಿ ಮುಗಿಸಿ ಬಂದಿದ್ದ. ಅದು ಮೂಸುವುದಿಲ್ಲ, ಒಳಗೊಂದು ಬಿಸಿ ಮಣಿಯಿದೆ, ಉರಿಯುವಂಥದ್ದು ಸೋಕಿದರೆ ಮಣಿ ಇನ್ನಷ್ಟು ಬಿಸಿಯಾಗಿ ಕೂಗುತ್ತದೆ ಎಂದ. ಉರಿಯುವಂಥದ್ದು ಯಾವುದಾದರೂ ಸರಿಯೇ ಎಂದು ಇವಳು ಕೇಳುವಷ್ಟರಲ್ಲಿ ಮನೆ ಬಂದಿತ್ತು, ಅವನು ಬೂಟು ಬಿಚ್ಚುತ್ತಿದ್ದ.

ಹೊಸ ಹಡಗು ಬಿಳಿ ಬಳಿದುಕೊಂಡು ಬಂತು. ಅದರಲ್ಲಿ ಯೋರುನ್‌ಗೆ ಜಾಗವೇ ಇರಲಿಲ್ಲ. ಗೂಡಂಗಡಿ ಇರಬೇಕಾದಲ್ಲಿ ಕಾಫಿ ಯಂತ್ರವೊಂದು, ಬಿಸ್ಕತ್ತಿನ ಯಂತ್ರವೊಂದು ನಿಂತಿದ್ದವು. ಮೆಟ್ಟಿಲ ಗೋಡೆಗೆ ತೂಗುಹಾಕಿದ್ದ ಹಡಗಿನ ನಕ್ಷೆಯಲ್ಲಿ ಎಂಜಿನ್ ಕೋಣೆ, ಚುಕ್ಕಾಣಿ ಕೋಣೆ, ಶೌಚಾಲಯ, ಜೀವರಕ್ಷಕ ಅಂಗಿಯ ಪೆಟ್ಟಿಗೆ, ಎಲ್ಲವೂ ಇದ್ದವು. ಅಡುಗೆಯವಳೊಬ್ಬಳು ಇರುತ್ತಾಳೆಂದು ನಕ್ಷೆ ಬರೆದವನಿಗೆ ಯಾರೂ ಹೇಳಿರಲಿಲ್ಲ. ಆದರೆ ಸ್ವೇಲೆಯಿಲ್ಲದ ಫೆರಿ ನಮ್ಮವರಿಗೆ ಒಪ್ಪಿಗೆಯಾಗಲಿಲ್ಲ. ಬಾಂಬಿಗೆ ಹೆದರದವರೂ ಇದಕ್ಕೆ ಗಲಾಟೆ ಎಬ್ಬಿಸಿದರು. ಕಂಪನಿ ಸೋತು, ಪೊರಕೆ ಬಕೆಟ್ಟು ಇಡುವ ಕೋಣೆಯೊಂದನ್ನು ಖಾಲಿ ಮಾಡಿಸಿ ಕರೆಂಟಿನ ಕಾವಲಿ ಇಡಿಸಿತು. ಹೊಗೆ ಹೋಗಲು ಕೆಲವು ವಾರಗಳ ಮೇಲೆ ಒಂದು ಫ್ಯಾನು ಹಾಕಿ, ಕೊಳವೆಯನ್ನು ಜಾಗ ಸಿಕ್ಕಲ್ಲಿ ಹೊರಗೆ ತೆಗೆದರು. ಕ್ಯಾಪ್ಟನ್ ಹಾಲ್‌ವಾರ್ ಮೊದಲ ದಿನ ಅವಳಿಗೆ ಕೋಣೆ ತೋರಿಸುತ್ತ, "ಅರಮನೆ ಅಲ್ಲ ಮಾರಾಯ್ತಿ, ಆದ್ರೆ ಬಾಗಿಲಿದೆ," ಎಂದ. ತಾತ್ಕಾಲಿಕ ಎಂಬ ಮಾತನ್ನೂ ಸೇರಿಸಿದ.

ಗ್ಯಾಸು ಬರುತ್ತಿದ್ದುದು ಹಿಂದಿನ ರಾತ್ರಿಯ ಕೊನೆಯ ಫೆರಿಯಲ್ಲಿ ದಾಟಿ ಬಂದ ಟ್ಯಾಂಕರ್ ಲಾರಿಯಲ್ಲಿ. ಮೊದಲ ಫೆರಿ ಹೊರಡುವ ಮುಂಚೆ ತುಂಬಿಸುತ್ತಿದ್ದರು. ಅಲ್ಲಿಯವರೆಗೆ ಯಾರೂ ಹಡಗು ಹತ್ತುವಂತಿಲ್ಲ. ಯೋರುನ್ ಬಕೆಟ್ಟು ಹಿಡಿದು ಹಗ್ಗದ ಆಚೆ ನಿಂತು ನೋಡುತ್ತಿದ್ದಳು. ದಪ್ಪ ಕೊಳವೆಯ ಮೇಲೆ ನೋಡನೋಡುತ್ತಿದ್ದಂತೆ ಬಿಳಿ ಹಿಮ ಕಟ್ಟುತ್ತಿತ್ತು. ಕೊಳವೆ ಜೋಡಿಸುತ್ತಿದ್ದ ಲಾರಿಯವರು ಒಮ್ಮೆ ಮುಖದ ಮೇಲಿನ ಪರದೆ ಎತ್ತಿದಾಗ ಅದು ಹೆಂಗಸು ಎಂದು ತಿಳಿಯಿತು. ಸಿಸೆಲ್ ಎಂದು ಹೆಸರು, ಆಚೆ ದಡದವಳು. ಮರುದಿನದಿಂದ ಕೆಲಸ ಮುಗಿದ ಮೇಲೆ ಸಿಸೆಲ್ ಹಗ್ಗದ ಬಳಿ ಬಂದು ನಿಲ್ಲುವುದು, ಯೋರುನ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವುದು, ಪ್ರಶ್ನೆ ಕೇಳುವುದು ರೂಢಿಯಾಯಿತು. ಎಷ್ಟು ತಣ್ಣಗೆ? ಯೋರುನ್‌ಳ ಫ್ರೀಜರು ಅದರ ಮುಂದೆ ಉಗಿಸ್ನಾನದ ಮನೆ ಎಂದಳು ಸಿಸೆಲ್. ತಣ್ಣಗಿಡಲು ಕರೆಂಟು ಬೇಕೇ? ಬೇಡ, ಟ್ಯಾಂಕಿಗೆ ಎರಡು ಗೋಡೆ, ನಡುವೆ ಗಾಳಿ ಕೂಡ ಇಲ್ಲ.

"ಅಂದ್ರೆ ಫ್ಲಾಸ್ಕು."

"ಫ್ಲಾಸ್ಕೇ. ಆದ್ರೆ ಒಳಗೆ ಸಣ್ಣಗೆ ಕುದೀತಾನೇ ಇರುತ್ತೆ."

"ಅಷ್ಟು ಚಳೀಲಿ ಕುದಿಯೋದಾ?"

"ಚಳಿ ನಮಗೆ. ಅದರ ಮಟ್ಟಿಗೆ ನಮ್ಮೂರೇ ಬೆಂಕಿ," ಎಂದು ಸಿಸೆಲ್ ಕಾಫಿ ಮುಗಿಸಿ ಲಾರಿ ಹತ್ತಿದಳು.

ಅವತ್ತೆಲ್ಲ ಯೋರುನ್ ಅದನ್ನೇ ತಲೆಯಲ್ಲಿ ತಿರುವಿದಳು. ತಣ್ಣಗಿದ್ದೂ ಕುದಿಯುವುದು, ವಾಸನೆಯಿಲ್ಲದೆ ಸೋರುವುದು, ಹೊಗೆಯಿಲ್ಲದೆ ಉರಿಯುವುದು. ಜೀವನವಿಡೀ ಒಲೆಯ ಮುಂದೆ ನಿಂತವಳಿಗೆ ಇಂಥದ್ದೊಂದು ಬೆಂಕಿ ಇದೆ ಎಂದು ಗೊತ್ತಿರಲಿಲ್ಲ. ಸಂಜೆ ಕಾಫಿಯ ಫ್ಲಾಸ್ಕಿಗೆ ಕಿವಿಯಿಟ್ಟು ಆಲಿಸುತ್ತಿದ್ದುದನ್ನು ನೋಡಿ ಓಗೋತ್, ಅದು ಏನು ಹೇಳುತ್ತಿದೆ ಎಂದು ವಿಚಾರಿಸಿದಳು.

ಕಿಟಕಿಯ ಹಲಗೆ ತಿಳಿಸಿದ್ದು ಇನ್ನೊಂದು ಸುದ್ದಿ. ಒಂದು ಬೆಳಿಗ್ಗೆ ಒರೆಸಿದ ಬಟ್ಟೆ ಬಿಳಿಯಾಗಿಯೇ ಉಳಿಯಿತು. ತೋರ್ಲೈವ್‌ನ ಉಡುಪನ್ನು ಮೂಗಿಗೆ ಹಿಡಿದು ನೋಡಿದಳು. ಅವನ ಬೆವರಿನ ವಾಸನೆ ಮಾತ್ರ. ಮದುವೆಯಾದಾಗಿನಿಂದ ಡೀಸೆಲ್ಲಿನಡಿ ಮುಚ್ಚಿಹೋಗಿದ್ದ ವಾಸನೆ ಅದು. ಧೈರ್ಯ ಮಾಡಿ ಅದನ್ನು ಮೇಜಿನ ಬಟ್ಟೆಯ ಜೊತೆಗೇ ಒಗೆದಳು. ಏನೂ ಆಗಲಿಲ್ಲ. ಅವನೂ ಕೈ ಉಜ್ಜದೆ ಊಟಕ್ಕೆ ಕೂತ. ಬ್ರಷ್ಷಿನ ಸದ್ದಿಲ್ಲದೆ ಮನೆ ಖಾಲಿಯೆನಿಸಿತು. ಶುಕ್ರವಾರ, ನೆಲಮಾಳಿಗೆಯಲ್ಲಿ ಕಳೆಯುತ್ತಿದ್ದ ಹೊತ್ತಿನಲ್ಲಿ, ಯೋರುನ್ ಕಿಟಕಿಯ ಬಳಿ ಸುಮ್ಮನೆ ಕೂತಳು. ಓಗೋತ್ ಹಣೆ ಮುಟ್ಟಿ ನೋಡಿ, ಜ್ವರ ಬಂದಿದೆಯೇ ಎಂದು ಕೇಳಿದಳು.

ಇಷ್ಟರಲ್ಲಿ ಮೂಗು ಕೂಗಲು ಶುರುಮಾಡಿತು.

ಬೆಳಗಿನ ಮೊದಲ ಫೆರಿ ಫಿಯೋರ್ಡಿನ ನಡುವೆ ಇರುವಾಗ ಕಿವಿ ಕಿತ್ತುಹೋಗುವಂಥ ಸದ್ದು. ಕೂಡಲೇ ಗ್ಯಾಸಿನ ಕವಾಟ ತಾನಾಗಿ ಮುಚ್ಚಿಕೊಂಡು, ಹಡಗು ತುರ್ತಿಗೆಂದು ಇಟ್ಟ ಡೀಸೆಲ್ಲಿಗೆ ಬದಲಾಗಿ, ಹಳೆಯ ಕಾಲವನ್ನು ನೆನೆಸಿಕೊಂಡಂತೆ ಒಂದು ಉಂಡೆ ಕರಿ ಹೊಗೆ ಬಿಡುತ್ತಿತ್ತು. ಅಪಾಯವಾಗಲಿಲ್ಲ, ಆದರೆ ಮೊದಲ ದಿನ ಜನ ಜೀವರಕ್ಷಕ ಅಂಗಿಗೆ ಕೈ ಹಾಕಿದರು. ಗೂಡಂಗಡಿಯ ಮುಂದೆ ನಿಂತ ಮುದುಕನೊಬ್ಬ ಮೂಗು ಮುಚ್ಚಿಕೊಂಡು ಗ್ಯಾಸಿನ ನಾತ ಬರುತ್ತಿದೆ ಎಂದ. ಗ್ಯಾಸಿಗೆ ನಾತವಿಲ್ಲ, ಅದು ಉಪ್ಪಿನ ಘಾಟು ಎಂದು ಯೋರುನ್ ಹೇಳಿ ಕಳಿಸಿದಳು. ಆಗಲೂ ಅವಳಿಗೆ ಹೊಳೆಯಲಿಲ್ಲ. ಮರುದಿನವೂ ಕೂಗಿತು, ಅದರ ಮರುದಿನವೂ.

ತೋರ್ಲೈವ್ ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಏಳಲಿಲ್ಲ. ಕಂಪನಿಯ ಪರೀಕ್ಷಕರು ಬಂದರು; ಅವರಿದ್ದಾಗ ಮೂಗು ತೆಪ್ಪಗಿತ್ತು. ಮತ್ತೆ ಬಂದರು, ಆಗಲೂ ತೆಪ್ಪಗಿತ್ತು. ಹಡಗಲ್ಲ, ಅದನ್ನು ನೋಡಿಕೊಳ್ಳುವವನೇ ಸರಿಯಿಲ್ಲ ಎಂಬ ಮಾತು ಚುಕ್ಕಾಣಿ ಕೋಣೆಯಿಂದ ಜೆಟ್ಟಿಗೆ, ಜೆಟ್ಟಿಯಿಂದ ಅಂಗಡಿಗೆ ಇಳಿಯಿತು. ಗುರುವಾರ ಕೊನೆಯ ಸಲ ಪರೀಕ್ಷೆ ಮಾಡುವುದು, ತಪ್ಪು ಸಿಗದಿದ್ದರೆ ಈ ಹಡಗನ್ನು ವಾಪಸು ಕಳಿಸಿ ಹಳೆಯ ಡೀಸೆಲ್ ಹಡಗನ್ನೇ ತರುವುದು ಎಂದು ಕಂಪನಿ ತೀರ್ಮಾನಿಸಿತು. ಕೇಳಿದಾಗ ಯೋರುನ್‌ಗೆ ಒಂದು ಕ್ಷಣ ಖುಷಿಯೇ ಆಯಿತು. ಹಳೆಯ ಹಡಗಿನಲ್ಲಿ ಅವಳ ಗೂಡಂಗಡಿಗೆ ಕಿಟಕಿಯಿತ್ತು. ಅಲ್ಲಿಂದ ಅವಳನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

ಭಾನುವಾರ ಊಟಕ್ಕೆ ಆಲೂಗಡ್ಡೆ ಸುಲಿಯುವಾಗ ತೋರ್ಲೈವ್ ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಭಾನುವಾರ ಮಾತ್ರ ಕೂಗಲ್ಲ ನೋಡು. ಅದಕ್ಕೂ ಚರ್ಚಿಗೆ ಹೋಗೋದಿರುತ್ತೆ."

ಸುಲಿಯುತ್ತಿದ್ದುದು ಯೋರುನ್. ಅವಳ ಕೈ ನಿಂತಿತು. ಭಾನುವಾರ ಮೂಗು ಚರ್ಚಿಗೆ ಹೋಗುತ್ತದೋ ಇಲ್ಲವೋ, ಯೋರುನ್ ಹೋಗುತ್ತಾಳೆ. ಗೂಡಂಗಡಿಗೆ ಅಂದು ರಜೆ. ಪರೀಕ್ಷಕರು ಬಂದ ದಿನಗಳು ನೆನಪಾದವು. ಎರಡು ಸಲವೂ ಹಾಲ್‌ವಾರ್ ಬಂದು, ಇವತ್ತು ಕಾವಲಿ ಹಚ್ಚಬೇಡ, ದೊಡ್ಡವರ ಕೋಟಿಗೆ ವಾಸನೆ ಹತ್ತುತ್ತದೆ, ಅಂಗಡಿ ಬಿಸ್ಕತ್ತು ಸಾಕು ಎಂದಿದ್ದ. ನಮ್ಮೂರಿನ ಪದ್ಧತಿಯೇ ಅದು. ಹೊರಗಿನವರು ಬರುವಾಗ ದಿನದ ಕೆಲಸವನ್ನೆಲ್ಲ ಬಾಗಿಲ ಹಿಂದೆ ತಳ್ಳಿ, ಏನೂ ಕೆಲಸವೇ ಇಲ್ಲದ ಮನೆಯಂತೆ ಸಿಂಗರಿಸಿ ಕೂರುವುದು.

ಸೋಮವಾರ ಅವಳು ಕೊಂಬಿನ ಉಪ್ಪಿನ ಬದಲು ಬೇಕಿಂಗ್ ಪೌಡರ್ ಹಾಕಿದಳು. ಮೂಗು ಕೂಗಲಿಲ್ಲ. ಮೀನಿನ ಲಾರಿ ಓಡಿಸುವವನು ಒಂದು ಕಚ್ಚು ತಿಂದು, "ಯೋರುನ್, ಇದು ಸ್ವೇಲೆನೋ ಬೂಟಿನ ಅಟ್ಟೆನೋ?" ಎಂದ. ಮಂಗಳವಾರ ಉಪ್ಪು ಹಾಕಿದಳು. ಹಿಟ್ಟಿನ ಮೇಲೆ ಮೊದಲ ಗುಳ್ಳೆಗಳು ಒಡೆದು ಘಾಟು ಮೇಲೆದ್ದಿತು, ಸ್ವಲ್ಪದರಲ್ಲೇ ಹಡಗು ಕೂಗಿಕೊಂಡಿತು. ಸದ್ದು ನಿಂತ ಮೇಲೆ ಹೊರಗೆ ಬಂದು ತನ್ನ ಹೊಗೆಕೊಳವೆ ಎಲ್ಲಿ ಬಾಯಿಬಿಡುತ್ತದೆ ಎಂದು ಹುಡುಕಿದಳು. ಗ್ಯಾಸಿನ ಕೊಳವೆಗಳ ಕೋಣೆಗೆ ಗಾಳಿ ಎಳೆದುಕೊಳ್ಳುವ ಜಾಲರಿಯ ಪಕ್ಕದಲ್ಲೇ ಅದು ಬಾಯಿಬಿಡುತ್ತಿತ್ತು. ಜಾಲರಿಯ ಒಳಗೆ, ಬೆರಳಿಗೆ ಎಟುಕುವಷ್ಟು ಹತ್ತಿರ, ಮೂಗು. ಉಪ್ಪಿನ ಘಾಟೂ ಅದರ ಬಿಸಿ ಮಣಿಗೆ ಉರಿಯುವಂಥದ್ದೇ. ಹೊಸ ಹಡಗೆಂದು ಅದನ್ನು ತೀರ ಸೂಕ್ಷ್ಮಕ್ಕೆ ಇಟ್ಟಿದ್ದರು. ಅವಳು ಮೆಟ್ಟಿಲ ಬಳಿಯ ನಕ್ಷೆಯನ್ನು ಮತ್ತೆ ನೋಡಿದಳು. ಅವಳು ನಿಲ್ಲುವ ಕೋಣೆಯ ಮೇಲೆ 'ದಾಸ್ತಾನು' ಎಂದಿತ್ತು.

ಸೋಮವಾರ ಉಳಿದಿದ್ದ ಸ್ವೇಲೆಯನ್ನು ಓಗೋತ್ ಮಂಗಳವಾರ ಸಂಜೆ ಕಾಫಿಗೆ ಅದ್ದಿಕೊಂಡಳು. ಅಗಿಯುತ್ತ ಸೊಸೆಯನ್ನು ನೋಡಿದಳು.

"ಉಪ್ಪು ಹಾಕಿಲ್ಲ ನೀನು."

ಯೋರುನ್ ಎಲ್ಲವನ್ನೂ ಹೇಳಿದಳು. ಕಾವಲಿ, ಭಾನುವಾರ, ಕೊಳವೆ, ಜಾಲರಿ. ಕಂಪನಿಗೆ ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೊಳವೆ ಸರಿಸುವುದು ಕೆಲಸ, ಕಾವಲಿ ಎತ್ತಿ ಹೊರಗಿಡುವುದು ಸುಲಭ. ಬಿಸ್ಕತ್ತಿನ ಯಂತ್ರ ಅಲ್ಲೇ ಕಾದು ನಿಂತಿದೆ. ಬೇಕಿಂಗ್ ಪೌಡರ್ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಮೂಗು ತಣ್ಣಗಾಗುತ್ತದೆ, ಆದರೆ ತೋರ್ಲೈವ್‌ನ ಮೇಲಿನ ಮಾತು ಹಾಗೇ ಉಳಿಯುತ್ತದೆ. ಅಟ್ಟೆಯಂಥ ಸ್ವೇಲೆಯನ್ನು ಜನ ಎಷ್ಟು ದಿನ ಕೊಂಡಾರು? ಇನ್ನೊಂದು ದಾರಿ ಉಪ್ಪು ಹಾಕುತ್ತ, ಸುಮ್ಮನಿರುವುದು.

"ಹಳೇ ಹಡಗೇ ಬರಲಿ ಬಿಡು," ಎಂದಳು ಓಗೋತ್. "ನಿನ್ನ ಕಿಟಕಿ ನಿನಗೆ. ಮಸಿ ಏನು, ತೊಳೆದ್ರೆ ಹೋಗುತ್ತೆ. ಹೋದ ಜಾಗ ಮತ್ತೆ ಸಿಗಲ್ಲ ಕಣೇ."

"ತೊಳೆಯೋರು ಯಾರಮ್ಮ?"

ಓಗೋತ್ ಖಾಲಿ ಬಟ್ಟಲನ್ನು ಸೊಸೆಯ ಕಡೆ ಸರಿಸಿದಳು. ಅವಳೂ ಒಂದು ಕಾಲದಲ್ಲಿ ತೊಳೆದವಳೇ. ಯೋರುನ್ ಪಾತ್ರೆ ತೊಳೆಯುತ್ತ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಳು. ತೊಳೆದರೆ ಹೋಗುತ್ತದೆ. ಆ ವಾಕ್ಯದಲ್ಲಿ ಮಸಿಯಿದೆ, ಹೋಗುವುದಿದೆ, ತೊಳೆಯುವವಳಿಲ್ಲ. ಹಡಗಿನ ನಕ್ಷೆಯ ಹಾಗೇ.

ಬುಧವಾರ ತೋರ್ಲೈವ್‌ಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಹೇಳಿದರೆ ಅವನು ಹಾಲ್‌ವಾರ್‌ಗೆ ಹೇಳುತ್ತಾನೆ, ಹೇಳಲೇಬೇಕು. ಹಾಲ್‌ವಾರ್ ಕಂಪನಿಗೆ. ಆಮೇಲೆ ಅವಳಿಲ್ಲದ ಯಾವುದೋ ಕೋಣೆಯಲ್ಲಿ ಅವಳ ಕಾವಲಿಯ ತೀರ್ಮಾನವಾಗುತ್ತದೆ. ತೋರ್ಲೈವ್ ಕುರ್ಚಿಯಲ್ಲಿ ಕೂತು, ಸೋಪಿನ ನೀರಿಗೆ ಬಿಳಿಚಿದ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಸ್ವಚ್ಛವಾಗಿದ್ದವು.

"ನನ್ನ ಕೈಯೇ ಎಲ್ಲೋ ತಪ್ಪಿರಬೇಕು," ಎಂದ.

ಅವಳು ಅವನ ಭುಜ ಮುಟ್ಟಿ, ಹಿಟ್ಟು ಕಲಸಲು ಅಡುಗೆಮನೆಗೆ ಹೋದಳು. ಎಂದಿಗಿಂತ ಹೆಚ್ಚೇ ಕಲಸಿದಳು.

ಗುರುವಾರ ಕಾಫಿ, ಬುತ್ತಿ, ಫ್ಲಾಸ್ಕುಗಳು, ಕಣ್ಣಿನ ಹನಿ, ಕಾಲುಚೀಲ, ಮೆಟ್ಟಿಲ ಹಿಮ. ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿದಳು, ಒರೆಸುವಂಥದ್ದು ಏನೂ ಇರಲಿಲ್ಲ. ಜೆಟ್ಟಿಯ ದಾರಿಯುದ್ದಕ್ಕೂ, ಪರೀಕ್ಷಕರಿಗೆ ಹೇಳಬೇಕಾದ ಒಂದೇ ಮಾತನ್ನು ಬಾಯೊಳಗೆ ಹೊರಳಿಸುತ್ತ ನಡೆದಳು: ಕಾವಲಿ ಅಲ್ಲ, ಕೊಳವೆ ಸರಿಸಿ.

ಹಾಲ್‌ವಾರ್ ಹಡಗಿನ ಬಾಗಿಲಲ್ಲೇ ಕಾಯುತ್ತಿದ್ದ. ಇವತ್ತು ಕಾವಲಿ ಬೇಡ ಎಂದು ನೆನಪಿಸಿ ಬಿಸ್ಕತ್ತಿನ ಡಬ್ಬ ಕೈಗಿತ್ತ. ಅವಳು ಡಬ್ಬವನ್ನು ಬಕೆಟ್ಟಿನ ಜೊತೆಗೇ ಹಿಡಿದು ಒಳಗೆ ನಡೆದಳು. ಪರೀಕ್ಷಕರು ತೋರ್ಲೈವ್‌ನ ಹಿಂದೆ ಎಂಜಿನ್ ಕೋಣೆಗೆ ಇಳಿದರು. ಹಗ್ಗ ಬಿಚ್ಚಿದರು, ಹಡಗು ಸದ್ದಿಲ್ಲದೆ ಜಾರಿತು.

ಫಿಯೋರ್ಡಿನ ನಡು ಬರುವವರೆಗೆ ಅವಳು ಪೊರಕೆ ಕೋಣೆಯಲ್ಲಿ ಒಬ್ಬಳೇ ನಿಂತಿದ್ದಳು. ಕಾವಲಿ ತಣ್ಣಗಿತ್ತು. ಸುಮ್ಮನಿದ್ದರೆ ಸಾಕು, ಏನೂ ಮಾಡಬೇಕಾಗಿಲ್ಲ. ಮುಂದಿನ ವಾರ ಕಿಟಕಿಯಿರುವ ಗೂಡಂಗಡಿ, ಮೊದಲಿನ ಯೋರುನ್. ಅವಳು ಬಿಸ್ಕತ್ತಿನ ಡಬ್ಬವನ್ನು ಎತ್ತಿ ಮೇಲಿನ ಕಪಾಟಿನಲ್ಲಿಟ್ಟಳು. ಕಾವಲಿಯ ಗುಂಡಿ ಒತ್ತಿದಳು. ಉಪ್ಪಿನ ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು ಬಂತು, ದಿನವೂ ಬರುವಂತೆ. ಹಿಟ್ಟಿಗೆ ಬೆರೆಸಿ, ಸೌಟು ತುಂಬಿ, ಸಾಲಾಗಿ ಹುಯ್ದಳು. ಪರೀಕ್ಷಕರಿಗೆ, ಹಾಲ್‌ವಾರ್‌ಗೆ, ತೋರ್ಲೈವ್‌ಗೆ ಎಂದು ತಟ್ಟೆ ಜೋಡಿಸಿದಳು. ಹಿಟ್ಟಿನ ಅಂಚು ಗಟ್ಟಿಯಾಗಿ ಮೊದಲ ಗುಳ್ಳೆ ಏಳುವುದನ್ನು ನೋಡಿ, ಹೊಗೆ ಎಳೆಯುವ ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿದಳು.